ಸಕ್ಕರೆ ಹಾಕದ ಕಾಫಿಯವನ ಮುಖ

ವಡಪಳನಿ, ಚೆನ್ನೈ
೧೨-೭-೨೦೨೫

ಪ್ರೀತಿಯ ವಿಮಲಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಸಾಕ್ಷಿ ಹೇಳಿ ತಿಂಗಳಾಯಿತು, ಬರೆಯಲು ಇಷ್ಟು ತಡ ಮಾಡಿದ್ದು ನನ್ನದೇ ತಪ್ಪು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. "ಅತ್ತಿಗೆ, ನಿಮ್ಮ ಸ್ವಂತ ತಮ್ಮನನ್ನು, ನನ್ನ ಗಂಡನನ್ನು ಕೊಂದವನನ್ನು ನೀವೇ ಬಿಡಿಸಿದ್ರಿ" ಎಂಬ ನಿನ್ನ ಮೆಸೇಜು ಓದಿದೆ. ಬೈಯಿ, ಬೇಡ ಎನ್ನುವುದಿಲ್ಲ. ಆದರೆ ಇದನ್ನು ಪೂರ್ತಿ ಓದಿ ಬೈಯಿ.

ನಮ್ಮ ಹೋಟೆಲಿನ ಬಾಗಿಲಲ್ಲೇ ಪ್ರವೀಣನಿಗೆ ಚೂರಿ ಹಾಕಿದ ಆ ಸಂಜೆ ಎದುರಿಗಿದ್ದವಳು ನಾನೊಬ್ಬಳೇ, ಗಲ್ಲಾದಲ್ಲಿ. ಹನ್ನೆರಡು ದಿನದ ಮೇಲೆ ಜೈಲಿನಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ, ಹತ್ತು ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಯಲು ಹೇಳಿದರು. ಇಪ್ಪತ್ತಾರು ವರ್ಷ ಗಲ್ಲಾದಲ್ಲಿ ಕೂತವಳು ನಾನು. ಬಂದ ಗಿರಾಕಿಯ ಮುಖ ಮರೆಯುವವಳಲ್ಲ ಎಂಬ ಜಂಬ ಬೇರೆ. ಆರನೆಯವನನ್ನು ಕಂಡದ್ದೇ ಮುಖದ ಗುರುತು ಹತ್ತಿತು. "ಇವನೇ" ಎಂದು ಬೆರಳು ತೋರಿಸಿದೆ. ಅವನು ಮಾರಿಮುತ್ತು, ಸಿನಿಮಾ ಸ್ಟುಡಿಯೋದಲ್ಲಿ ಲೈಟ್ ಹೊರುವವನು. ಆ ಹೊತ್ತಿಗೆ ನಮ್ಮ ಬೀದಿಯಲ್ಲಿದ್ದನೆಂದು ಹಿಡಿದಿದ್ದರಂತೆ.

ಕೋರ್ಟಿನಿಂದ ಕರೆ ಬಂದ ವಾರವೇ ಯಾರೋ ಸಕ್ಕರೆ ಇಲ್ಲದ ಕಾಫಿ ಕೇಳಿದರು. ಸಪ್ಲೈಯರ್ ಗುಂಡಣ್ಣ ನನ್ನ ಕಡೆ ತಿರುಗಿ, "ಅಮ್ಮ, ಹೀಗೇ ಸಕ್ಕರೆ ಬೇಡ ಅಂತ ಕಂಬದ ಹತ್ರ ನಿಂತು ಕುಡೀತಿದ್ದನಲ್ಲ ಒಬ್ಬ, ಅವ ಎಂತ ಈಗ ಬರುದೇ ಇಲ್ಲ? ವರ್ಷ ಆಯ್ತು" ಎಂದ. ಅಯ್ಯೋ ದೇವರೇ! ಜೈಲಿನಲ್ಲಿ ನನಗೆ ಗುರುತು ಸಿಕ್ಕಿದ್ದು ಆ ಗಿರಾಕಿಯದು ಮಾರಾಯ್ತಿ, ದಿನಾ ಬೆಳಿಗ್ಗೆ ನಾನೇ ಟೋಕನ್ ಕೊಡುತ್ತಿದ್ದ ಮುಖ. ಕೊಲೆಯ ಹೊತ್ತಿಗೆ ಕಂಡ ಮುಖವಲ್ಲ.

ಇನ್ಸ್‌ಪೆಕ್ಟರರಿಗೆ ಹೇಳಿದರೆ, "ಮೊದಲು ಹೇಳಿದ್ದನ್ನೇ ಹೇಳಿಬಿಡಿ ಅಮ್ಮಾ, ಸಾಕು" ಎಂದು ನಕ್ಕರು. ಮನೆಯಲ್ಲಿ ಇವರು, "ಸುಮ್ನಿರು, ಈಗ ಮಾತು ಬದಲಿಸಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ" ಎಂದು ರೇಗಿದರು. ಹಾಕಲಿ! ಕಟಕಟೆಯಲ್ಲಿ ನಿಂತು ಹೇಳಿಯೇ ಬಿಟ್ಟೆ: "ಈತ ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದವನು. ಕೊಂದವನು ಇವನೇ ಎಂದು ನಾನು ಹೇಳಲಾರೆ."

ಸರ್ಕಾರಿ ವಕೀಲರು ಕೆಂಡಾಮಂಡಲವಾದರು. "ಹಾಗಾದರೆ ಅಂದು ಹೇಳಿದ್ದು ಸುಳ್ಳಾ?" ಎಂದು ಕೇಳಿದರು. "ಸುಳ್ಳಲ್ಲ, ತಪ್ಪು. ತಿದ್ದಿಕೊಳ್ಳಲು ಬಂದಿದ್ದೇನೆ" ಎಂದೆ. ಪ್ರತಿಕೂಲ ಸಾಕ್ಷಿ ಎಂದು ಬರೆಸಿಕೊಂಡರು. ಬರೆಸಿಕೊಳ್ಳಲಿ. ಚೂರಿ ಸಿಕ್ಕಿಲ್ಲ, ಅವನ ಬಟ್ಟೆಯಲ್ಲಿ ರಕ್ತವಿಲ್ಲ, ಪ್ರವೀಣನಿಗೂ ಅವನಿಗೂ ಪರಿಚಯವೇ ಇಲ್ಲ. ನನ್ನ ಬೆರಳೊಂದೇ ಅವರ ಕೇಸು! ಸಾಬೀತು ಮಾಡುವುದು ಅವರ ಕೆಲಸ ವಿಮಲಾ, ನನ್ನ ಸಂಕಟ ಅದಕ್ಕೆ ಸಾಕ್ಷಿಯಾಗದು. ಹದಿನಾಲ್ಕು ತಿಂಗಳು ಆ ಮನುಷ್ಯನನ್ನು ಒಳಗಿಟ್ಟ ಬೆರಳು ನನ್ನದು. ಮೊನ್ನೆ ಅವನು ಬಿಡುಗಡೆಯಾದ. ಇನ್ನೊಮ್ಮೆ ಕರೆದರೂ ಇದನ್ನೇ ಹೇಳುತ್ತೇನೆ.

ನಿಜವಾಗಿ ಕೊಂದವನನ್ನು ಹುಡುಕಿ ಎಂದು ವಾರಕ್ಕೊಮ್ಮೆ ಠಾಣೆಗೆ ಹೋಗುತ್ತಿದ್ದೇನೆ. ನನ್ನನ್ನು ಕಂಡರೆ ಅಲ್ಲಿಯವರಿಗೆ ಈಗ ತಲೆನೋವು. ಆದರೂ ಹೋಗುವುದು ಬಿಡುವುದಿಲ್ಲ.

ಮಕ್ಕಳು ಚೆನ್ನಾಗಿ ಓದಲಿ, ದೇವರು ನಿನಗೆ ಗಟ್ಟಿ ಮನಸ್ಸು ಕೊಡಲಿ.

ನಿನ್ನ ಅತ್ತಿಗೆ,
ಸರಸ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಕೊಂದವನನ್ನು ನೋಡಲಿಲ್ಲವೇ ಎಂದು ಕೋರ್ಟಿನಲ್ಲಿ ಕೇಳಿದಾಗ "ಮುಖ ಸರಿಯಾಗಿ ಕಾಣಲಿಲ್ಲ" ಎಂದಷ್ಟೇ ಹೇಳಿದೆ. ಕೊಂದವನು ಚೂರಿ ಎತ್ತಿದ್ದೇ ನಾನು ಕಣ್ಣು ಮುಚ್ಚಿಕೊಂಡೆ, ವಿಮಲಾ. ಪ್ರವೀಣ "ಅಕ್ಕಾ" ಎಂದು ಕೂಗಿದ. ಆಗಲೂ ನಾನು ಕಣ್ಣು ಬಿಡಲಿಲ್ಲ.