ತಟ್ಟೆಗೊಂದು ಕಾಲಂ

ಜೂನ್ 3
ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಸವೆತ ಅಳೆಯುವ ಮಷೀನಿನ ಅದೇ ಕಿರಕಿರ. ಕೆಳಗೆ ತಿರುಗುವ ಸ್ಟೀಲ್ ತಟ್ಟೆ, ಅದರ ಮೇಲೆ ಭಾರ ಹೊತ್ತು ಉಜ್ಜುವ ಸ್ಟೀಲ್ ಪಿನ್ನು. ಎಣ್ಣೆ ಒಂದು ಹನಿಯೂ ಇಲ್ಲ. ಸಾವಿರ ಮೀಟರ್ ಓಡಿಸು, ಪಿನ್ನು ಒರೆಸು, ತೂಗು, ಎಷ್ಟು ಸವೆಯಿತು ಬರೆ. ಒಂಬತ್ತು ವರ್ಷದಿಂದ ಇದೇ.

ಇವತ್ತಿನದು ಹೊಸ ಮಿಶ್ರಲೋಹ. ಲಿಫ್ಟಿಗೆ ಹಾಕುತ್ತಾರಂತೆ, ಎಣ್ಣೆಯಿಲ್ಲದೆ ಲಿಫ್ಟ್ ಹತ್ತಿಳಿಯುವ ಕಂಬಿಯ ಮೇಲೆ ಜಾರಬೇಕು. ಪಿನ್ನು ಆ ಲೋಹದ್ದು, ತಟ್ಟೆ ಕಂಬಿಯ ಉಕ್ಕಿನದು. ತೂಗಿದರೆ... ಪಿನ್ನು ಎರಡು ಮಿಲಿಗ್ರಾಂ ಹೆಚ್ಚು! ಸವೆಯಬೇಕಾದದ್ದು ಬೆಳೆದಿದೆ. ಮನೆಯಲ್ಲಿ ಹೇಳಿದೆ. ತಂಗಿ ಬಿದ್ದೂ ಬಿದ್ದೂ ನಕ್ಕಳು. "ನಿನ್ ಥರಾನೇ ಬಿಡಕ್ಕ. ವಾಕಿಂಗ್ ಹೋದಷ್ಟೂ ದಪ್ಪ."

ಜೂನ್ 4
ಮತ್ತೆ ಮೂರು ಸಲ. ಮೂರೂ ಸಲ ಹೆಚ್ಚೇ. ಸಂಶಯ ಬಂದು ತಟ್ಟೆಯನ್ನೂ ತೂಗಿದೆ — ನಲವತ್ತು ಮಿಲಿಗ್ರಾಂ ಮಾಯ. ಪಿನ್ನು ತಟ್ಟೆಯನ್ನು ಕಿತ್ತು ತನ್ನ ಮೈಗೆ ಮೆತ್ತಿಕೊಂಡಿದೆ. ಉಳಿದದ್ದು ಪುಡಿ. ಫಾರಂನಲ್ಲಿ ತಟ್ಟೆಗೆ ಕಾಲಂ ಇಲ್ಲ. ಸ್ಕೇಲ್ ಇಟ್ಟು ನಾನೇ ಎಳೆದೆ.

ಜೂನ್ 5, ಸಂಜೆ
ಮ್ಯಾನೇಜರ್ ಕರೆದರು.
"ಪಿನ್ ಸವೆತ ಸೊನ್ನೆ ಅಂತ ಬರೀರಿ. ಲಿಫ್ಟ್ ಕಂಪನಿಯವರು ಕೇಳಿರೋದು ಅಷ್ಟೇ."
"ಕಂಬಿ ಸವೆದು ಲಿಫ್ಟ್ ಸಿಕ್ಕಾಕ್ಕೊಂಡ್ರೆ ಸರ್? ಒಳಗೆ ಜನ ಇರ್ತಾರೆ."
"ಕೇಳದೇ ಇರೋದನ್ನ ಯಾಕ್ರೀ ಹೇಳ್ತೀರಿ? ಅಧಿಕಪ್ರಸಂಗ."
ಬರೆಯುವುದಿಲ್ಲ ಎಂದೆ. ಹಾಗಾದರೆ ಜುಲೈಯಿಂದ ನನ್ನ ಕಾಂಟ್ರಾಕ್ಟ್ ಇಲ್ಲವಂತೆ. ಹೆದರಿಕೆ ಇದೆ, ಸುಳ್ಳೇಕೆ ಹೇಳಲಿ. ಆದರೂ ಸೊನ್ನೆ ನನ್ನ ಕೈಯಿಂದ ಬರುವುದಿಲ್ಲ.

ಜೂನ್ 12
ಒಂದು ವಾರದಿಂದ ಸ್ಟೋರಿನಲ್ಲಿ ನಟ್ಟು ಬೋಲ್ಟು ಬೇರೆ ಮಾಡುತ್ತಿದ್ದೇನೆ. ಮಷೀನು ಹೂಂ ಮಾವನ ಕೈಗೆ. ಮೂವತ್ತು ವರ್ಷದ ಸರ್ವೀಸು. ಯಾರು ಏನು ಹೇಳಿದರೂ ಹೂಂ ಎಂದು ಸೈನು ಹಾಕುತ್ತಾರೆ, ಅದಕ್ಕೇ ಆ ಹೆಸರು. ಶುದ್ಧ ಕೋಲೆಬಸವ. ತಂಗಿ ಈಗ ನಗುವುದಿಲ್ಲ. "ನೀನೂ ಸೈನು ಹಾಕಿ ಸುಮ್ನಿರಬಾರ್ದಿತ್ತಾ?" ಊಟ ಬಿಟ್ಟು ಎದ್ದೆ. ಆಮೇಲೆ ಹಸಿವಾಯಿತು, ಹೋಗಿ ತಿಂದೆ.

ಜೂನ್ 16, ಮಧ್ಯಾಹ್ನ
ಹೂಂ ಮಾವ ಸ್ಟೋರಿಗೇ ಬಂದರು. ಬೆರಳೆಲ್ಲ ಕಪ್ಪು.
"ಐದು ಸಲ ಓಡಿಸ್ದೆ ಕಣಮ್ಮ. ನೀನ್ ಹೇಳಿದ್ ಹಾಗೇ ಬರ್ತಿದೆ."
"ಏನ್ ಬರೆದ್ರಿ?"
"ಬಂದಿದ್ದನ್ನೇ ಬರೆದೆ. ಮ್ಯಾನೇಜರ್ ಕರೀತಿದಾರೆ. ಒಬ್ಬನೇ ಹೋಗೋಕೆ ಧೈರ್ಯ ಸಾಲ್ತಿಲ್ಲ. ಬರ್ತೀಯಾ?"
ಕಣ್ಣು ತುಂಬಿ ಬಂತು. ನಡೀರಿ ಎಂದೆ. ಕೈ ತೊಳೆಯಲು ಹೋಗಿದ್ದಾರೆ. ಇಬ್ಬರನ್ನೂ ಒಟ್ಟಿಗೇ ತೆಗೆಯಲಿ, ನೋಡೇಬಿಡೋಣ — ಆ ಮಷೀನು ಓಡಿಸಲು ಮೂರನೆಯವರು ಯಾರಿದ್ದಾರೆ? ಬಂದರು. ಹೋಗಿ ಬಂದು ಉಳಿದದ್ದು ಬರೆಯುತ್ತೇನೆ.