ನೆಟ್ಟಗೆ ನಿಂತ ಬಲ್ಬು

ಕೊಲೊವಾಯ್, ಟೊಂಗಾ
16 ಜುಲೈ 2019

ಪ್ರೀತಿಯ ಅತ್ತೆಗೆ,

ಆಕ್ಲೆಂಡಿನ ಚಳಿಯಲ್ಲಿ ಮಂಡಿನೋವು ಹೇಗಿದೆ? ನಾನು ಕಳಿಸಿದ ಉಣ್ಣೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರೋ, ಅದನ್ನೂ ಚರ್ಚಿನಲ್ಲಿ ಯಾರಿಗೋ ಕೊಟ್ಟುಬಿಟ್ಟಿರೋ? ಇಲ್ಲಿ ಎಲ್ಲರೂ ಕ್ಷೇಮ.

ನನ್ನ ತಮ್ಮನ ಮಗಳ ಮದುವೆಗೆ ತೊಗಟೆ ಬಡಿದು ನಾರುಬಟ್ಟೆ ಸಿದ್ಧವಾಗುತ್ತಿದೆ. ನಿಮ್ಮ ಹಳೆಯ ಹಾಸಿಗೆಯಡಿ ಇದ್ದ, ಬಟ್ಟೆಗೆ ಚಿತ್ತಾರ ಮೂಡಿಸುವ ಅಜ್ಜಿಯ ಅಚ್ಚನ್ನು ತೆಗೆದೆ. ಒಣಗಿದ ಎಲೆಯ ಮೇಲೆ ತೆಂಗಿನ ಕಡ್ಡಿಗಳ ಹೊಲಿಗೆ ಸಡಿಲವಾಗಿದೆ, ಆದರೂ ಸಾಲಾಗಿ ಪೈನ್ ಮರಗಳು, ನಡುನಡುವೆ ನೆಲದಿಂದೆದ್ದ ಕರೆಂಟಿನ ಬಲ್ಬುಗಳು ಹಾಗೆಯೇ ಇವೆ. ಪಕ್ಕದ ಮನೆಯ ಪಿಸಿಲಾ ಅಂಟು ಮೆತ್ತಿದ ಕೈಯಲ್ಲೇ ತೋರಿಸಿ, "ಏ ಲೋಸಾ, ನಿಮ್ಮಜ್ಜಿ ಬಲ್ಬನ್ನ ಗೆಣಸಿನ ಹಾಗೆ ನೆಟ್ಟಿದಾಳಲ್ಲೇ! ನೀರು ಹಾಕಿದ್ರೆ ಇನ್ನೆರಡು ಬಿಡುತ್ತೇನೋ!" ಅಂದಳು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಈ ಮಾತು ಬಂದಾಗಲೆಲ್ಲ ಚಾಪೆಯಿಂದ ಎದ್ದು ಹೋಗುತ್ತಿದ್ದ ನೀವು ನೆನಪಾದಿರಿ.

ಹದಿನಾಲ್ಕರ ವಯಸ್ಸಿನಲ್ಲಿ ಪೇಟೆಯ ಬ್ರಿಟಿಷ್ ಅಧಿಕಾರಿಯ ಮನೆಗೆಲಸಕ್ಕೆ ಹೋಗಿದ್ದ ನೀವು ಅಲ್ಲಿ ಬಲ್ಬು ಕಂಡು ಬಂದು ಹೇಳಿದಂತೆಯೇ ಅಜ್ಜಿ ಅದನ್ನು ಹೊಲಿದಳು. ಇಪ್ಪತ್ತು ವರ್ಷದ ಮೇಲೆ ನಮ್ಮೂರಿಗೂ ಕರೆಂಟು ಬಂದು, ಸೂರಿನಿಂದ ಬಲ್ಬು ತಲೆಕೆಳಗಾಗಿ ತೂಗಿತು. ಊರು ನಕ್ಕಿದ್ದು ಆಗಲೇ. ಮೊನ್ನೆ ಫೋನಿನಲ್ಲಿ ನೀವೇ, "ಈ ಸಲ ಹೊಲಿಯುವಾಗ ಅದನ್ನ ತಿರುಗಿಸಿಬಿಡೇ. ನಾನು ಕಂಡಿದ್ದೇ ತಪ್ಪು. ಮದುವೆಗೆ ನಾನು ಬರಲ್ಲ" ಅಂದಿರಿ. ನಮ್ಮಲ್ಲಿ ಅಪ್ಪನ ಅಕ್ಕನ ಮಾತಿಗೆ ಎದುರು ಮಾತುಂಟೆ? ಅಪ್ಪನೇ ನಿಮ್ಮೆದುರು ಕೆಳಗೆ ಕೂರುತ್ತಿದ್ದ. ಹೂಂ ಅಂದೆ.

ಆದರೆ ಐವತ್ತು ಹತ್ತಿರವಾದಾಗ ಹಿಡಿದ ನನ್ನ ಈ ಓದು ಸುಮ್ಮನಿರಬೇಕಲ್ಲ. ನಮ್ಮ ಬಟ್ಟೆಗಳ ಚಿತ್ತಾರದ ಚರಿತ್ರೆ ಬರೆಯುತ್ತಿರುವ ನಾನು ಪೇಟೆಯ ದಾಖಲೆಕೋಣೆಯಲ್ಲಿ ಫೋಟೋಗಳ ಪೆಟ್ಟಿಗೆಯೊಂದನ್ನು ಬಿಚ್ಚಿದೆ. ಒಂದು ಫೋಟೋದಲ್ಲಿ ಆ ಅಧಿಕಾರಿಯ ಬರೆಯುವ ಮೇಜು ಇತ್ತು. ಶಾಯಿ ಕುಡಿಕೆಯ ಪಕ್ಕ ಹಿತ್ತಾಳೆಯ ಕಂಬ. ಅದರ ಮೇಲೆ ಬುಡ ಕೆಳಗಾಗಿ, ತಲೆ ಮೇಲಾಗಿ ನೆಟ್ಟಗೆ ನಿಂತ ಬಲ್ಬು.

ಅತ್ತೆ, ನೀವು ಕಂಡಿದ್ದು ಸರಿಯಾಗಿತ್ತು. ಆ ಬೆಳಕು ಒಬ್ಬನ ಕಾಗದಕ್ಕೆಂದೇ ಇದ್ದದ್ದು. ಅದರ ಧೂಳು ಒರೆಸುವ ಹುಡುಗಿಯಲ್ಲದೆ ನಮ್ಮವರಲ್ಲಿ ಇನ್ನಾರು ಅಷ್ಟು ಹತ್ತಿರ ಹೋಗಿದ್ದರು? ಅಚ್ಚಿನಲ್ಲಿ ಬಲ್ಬಿನ ಪಕ್ಕದಲ್ಲಿರುವ ಪೈನ್ ಮರಗಳೂ ಹೊರಗಿನಿಂದ ಹಡಗಿನಲ್ಲಿ ಬಂದವೇ. ಅವುಗಳನ್ನು ಮಾತ್ರ ಯಾರೂ ತಪ್ಪೆನ್ನಲಿಲ್ಲ. ಆ ಮನೆಯಿಂದ ನೀವು ಒಂದು ಚಮಚವನ್ನೂ ತರಲಿಲ್ಲವೆಂದು ಅಜ್ಜಿ ಹೆಮ್ಮೆಪಡುತ್ತಿದ್ದಳು. ತಂದಿದ್ದು ಇದೊಂದೇ, ಕಣ್ಣಿನಲ್ಲಿ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ ಮಡಿಲಲ್ಲಿ ಬೆಳೆದ
ಲೋಸಾಲಿನೆ

ತಾ.ಕ.: ಅಂಚೆಯ ಹೊತ್ತಾಯಿತು, ಹೇಳಿಯೇಬಿಡುತ್ತೇನೆ. ನಿಮ್ಮ ಮಾತು ಮೀರಿದ್ದೇನೆ. ಬಲ್ಬುಗಳನ್ನು ಇದ್ದ ಹಾಗೇ ಹೊಲಿದು, ಅಚ್ಚಿನ ಮೇಲೆ ಬಟ್ಟೆ ಹಾಸಿ ಬಣ್ಣ ಉಜ್ಜಿಯಾಯಿತು. ಮೂಡಿದ ಚಿತ್ತಾರದ ಮೇಲೆ ಕಪ್ಪು ಗೆರೆ ಎಳೆಯುವುದಷ್ಟೇ ಉಳಿದಿತ್ತು. ಫೋಟೋದ ಪ್ರತಿ ಜೊತೆಗಿಟ್ಟಿದ್ದೇನೆ. ಪಿಸಿಲಾ ಅದನ್ನು ನೋಡಿ ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು. ಆಮೇಲೆ, "ಬಲ್ಬಿನ ಕಪ್ಪು ಗೆರೆ ನಾವ್ಯಾರೂ ಎಳೆಯೋದು ಬೇಡ. ಕಂಡೋರೇ ಬಂದು ಎಳೀಲಿ" ಅಂದಳು. ಮರಗಳಿಗೆಲ್ಲ ಗೆರೆ ಮುಗಿದಿದೆ. ಬೈಯುವುದಿದ್ದರೆ ಬಂದು ಬೈಯಿರಿ, ಬಣ್ಣ ಕಲಸಿಟ್ಟಿರುತ್ತೇನೆ.