ರಂಗೋಲಿಯ ಅಂಗಡಿ

ಇಚಲಕರಂಜಿ
೧೨ ಫೆಬ್ರುವರಿ ೧೯೮೪

ಪ್ರೀತಿಯ ಕುಂಥುನಾಥನಿಗೆ ನಿನ್ನ ಜಿನಪಾಲನ ಜಯ ಜಿನೇಂದ್ರ.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಅದರ ಜೊತೆ ಕಳಿಸಿದ ಬೆಲ್ಲವನ್ನು ಮುಕ್ಕಾಲು ಪಾಲು ತಿಂದು ಮುಗಿಸಿದ್ದೇನೆ, ಉತ್ತರ ಮಾತ್ರ ಇವತ್ತು ಬರೆಯುತ್ತಿದ್ದೇನೆ. ನೀನು ಗಡಹಿಂಗ್ಲಜದ ಕಟ್ಟೆಯ ಮೇಲೆ ಕೂತು ನನಗೆ ಎಷ್ಟು ಬೈದಿರಬಹುದು ಎಂದು ಗೊತ್ತು. ಬೈದುಕೋ. ನೂಲಿನ ದರ ಏರಿದೆ, ಮಗ್ಗದವರು ದಿನಾ ಬಂದು ಜಗಳ ತೆಗೆಯುತ್ತಾರೆ, ನನ್ನ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ. ಇವೆಲ್ಲ ಸಬೂಬು. ನಿಜವಾಗಿ ತಡವಾದದ್ದು ಮಗಳು ಕಾಂಚನಳ ದೆಸೆಯಿಂದ. ಆ ಸುದ್ದಿ ಪೂರಾ ಆಗದೆ ಬರೆಯುವ ಮನಸ್ಸಿರಲಿಲ್ಲ.

ಮೊದಲು ಮನೆಯ ಮಾತು. ನಿನ್ನ ಯಜಮಾನಿ ರಾಜಮತಿ ವಹಿನಿಯ ಸೊಂಟದ ನೋವು ಹೇಗಿದೆ? ನೀನು ಅವರ ಕೈಯಿಂದ ನೀರು ಸೇದಿಸುವುದನ್ನು ಬಿಟ್ಟೆಯೋ ಇಲ್ಲವೋ? ಇನ್ನು ಬಿದ್ರಿಯ ಕಡೆಯ ಆ ಗಂಡಿನ ವಿಷಯ ಬರೆದಿದ್ದೀಯ. ಕಾಂಚನಳಿಗೆ ಹೇಳಿದೆ. “ಅವರ ಮನಿ ಅಡಿಗಿಖೋಲಿಗೆ ಖಿಡಕಿ ಐತೇನು ಕೇಳು ಅಪ್ಪಾ” ಎಂದಳು. ಇನ್ನು ಮುಂದಿನದನ್ನು ನೀನೇ ತಿಳಿದುಕೋ.

ನಿನಗೆ ಗೊತ್ತಲ್ಲ, ಅವಳು ಮುಂಬಯಿಯಲ್ಲಿ ಒಳಾಂಗಣ ವಿನ್ಯಾಸ ಕಲಿತು ಬಂದಾಗ ನಾನೇ ಎಷ್ಟು ಗೇಲಿ ಮಾಡಿದ್ದೆ. ಇಲ್ಲಿಯ ಜನರಂತೂ ಅವಳನ್ನು ಪಡದೆ ಹೊಲಿಯುವ ಹೆಂಗಸೆಂಬಂತೆ ಪಡದೆಬಾಯಿ ಎಂದೇ ಕರೆಯುತ್ತಾರೆ. ಯಾರ ಮನೆಗೆ ಹೋದರೂ ಅವಳು ಮೊದಲು ರಂಗೋಲಿಯ ಡಬ್ಬಿ ತೆಗೆಯುತ್ತಾಳೆ. ಕಪಾಟು ಎಲ್ಲಿ, ಮಂಚ ಎಲ್ಲಿ, ಬಾಗಿಲು ಎಷ್ಟಗಲ ಎಂದು ನೆಲದ ಮೇಲೆ ನಿಜವಾದ ಅಳತೆಯಲ್ಲೇ ಗೆರೆ ಎಳೆದುಬಿಡುತ್ತಾಳೆ. ಆಮೇಲೆ ಮನೆಯವರೆಲ್ಲ ಆ ಗೆರೆಗಳ ನಡುವೆ ಓಡಾಡಬೇಕು. ಸೊಸೆ ತುಂಬಿದ ಕೊಡ ಹೊತ್ತು ನಡೆಯಬೇಕು, ಅಜ್ಜಿ ಕೋಲು ಊರುತ್ತ ನಡೆಯಬೇಕು. ಯಾರ ಕಾಲು ಗೆರೆಗೆ ತಾಗಿತೋ ಅಲ್ಲಿ ಗೆರೆ ಸರಿಯುತ್ತದೆ. ಬಡಗಿ ಉಳಿ ಹಿಡಿಯುವುದು ಅದಾದ ಮೇಲೆ. ಈ ಪದ್ಧತಿಯನ್ನು ಅವಳಿಗೆ ಯಾವ ಕಾಲೇಜೂ ಕಲಿಸಿದ್ದಲ್ಲ. ಅದು ಅವಳ ಅವ್ವನದು. ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಸರಿಸಬೇಕಾದರೂ ಮೊದಲು ರಂಗೋಲಿ ಬೀಳುತ್ತಿತ್ತು, ನೀನೇ ಒಮ್ಮೆ ಅದನ್ನು ತುಳಿದು ಬೈಸಿಕೊಂಡಿದ್ದೆ.

ಈಗ ಸುದ್ದಿಗೆ ಬರುತ್ತೇನೆ. ಕಟ್ಟಡದ ಕಾಯ್ದೆ ತಿದ್ದುವುದಕ್ಕೆ ಮುಂಚೆ ಜನರ ಮಾತು ಕೇಳಲು ಶಾಸಕರ ಸಮಿತಿಯೊಂದು ಹೋದ ವಾರ ಕೊಲ್ಹಾಪುರಕ್ಕೆ ಬಂದಿತ್ತು. ಕಾಂಚನ ಮತ್ತು ಅವಳಂಥ ಕಸುಬಿನವರು ಕೂಡಿ ಒಂದು ಸಣ್ಣ ಸಂಘ ಕಟ್ಟಿಕೊಂಡಿದ್ದಾರೆ, ಹೇಳಿದ್ದೆನಲ್ಲ. ಕಟ್ಟಡದ ಹೊರಗಿನ ನಕ್ಷೆಗೆ ಎಂಜಿನಿಯರನ ಸಹಿ ಬೇಕು. ಒಳಗೆ ಮಾತ್ರ ಯಾರು ಬೇಕಾದರೂ ಗೋಡೆ ಎಬ್ಬಿಸಬಹುದು, ಬಾಗಿಲು ಮುಚ್ಚಬಹುದು, ಕೇಳುವವರಿಲ್ಲ. ತಮ್ಮ ಕಸುಬನ್ನು ಕಾಯ್ದೆಯಲ್ಲಿ ಹೆಸರಿಸಬೇಕು, ಒಳಗಿನ ನಕ್ಷೆಗೂ ಬಲ್ಲವರ ಸಹಿ ಇರಬೇಕು ಎಂಬುದು ಇವರ ಬೇಡಿಕೆ. ಎರಡು ವರ್ಷದಿಂದ ಅರ್ಜಿ ಹಿಡಿದು ಅಲೆದಿದ್ದಾಳೆ. ಈ ಸಲ ಆಗದಿದ್ದರೆ ತಿದ್ದುಪಡಿ ಇವರನ್ನು ಬಿಟ್ಟೇ ಆಗಿಹೋಗುತ್ತದೆ, ಮತ್ತೆ ಯಾರು ಯಾವ ಕಾಲಕ್ಕೆ ಆ ಕಾಯ್ದೆಯನ್ನು ಮುಟ್ಟುತ್ತಾರೋ ದೇವರೇ ಬಲ್ಲ.

“ಅಪ್ಪಾ, ನೀನೂ ಬಾ” ಎಂದಳು. “ನಾ ಬಂದು ಏನ ಮಾಡ್ಲಿ? ನೂಲು ಮಾರ್ಲೇನು?” ಎಂದೆ. “ಸುಮ್ನ ನಿಂದ್ರು, ಅಷ್ಟ ಸಾಕು” ಎಂದಳು.

ಸಭೆ ಇದ್ದದ್ದು ಅಲ್ಲಿಯ ಒಂದು ಸರಕಾರಿ ಬಂಗಲೆಯಲ್ಲಿ. ಮಾತೆಲ್ಲ ಮರಾಠಿಯಲ್ಲೇ ನಡೆಯಿತು, ನಿನಗಾಗಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಇವಳ ಸರದಿ ಊಟದ ಹೊತ್ತಿಗೆ ಬಂತು. ಅಧ್ಯಕ್ಷರು ಒಳ್ಳೆಯ ಮುದುಕರು, ಆದರೆ ಗಡಿಯಾರ ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಒಬ್ಬ ಎಂಜಿನಿಯರ್ ಸಾಹೇಬರು ಇವಳ ಅರ್ಜಿಯನ್ನು ಬೆರಳ ತುದಿಯಲ್ಲಿ ಸರಿಸಿ, “ಸೋಫಾ, ಪಡದೆ, ಗೋಡಿ ಬಣ್ಣ. ಇದಕ್ಕೊಂದು ಕಾಯ್ದೆ ಯಾಕ ಬೇಕ್ರಿ? ನಾಳಿ ಮೆಹಂದಿ ಹಾಕಾವ್ರೂ ಕಾಯ್ದೆ ಕೇಳ್ತಾರ” ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಇವಳು ಮಾತ್ರ ತಾನೂ ಸ್ವಲ್ಪ ನಕ್ಕು, “ಸಾಹೇಬರ, ಊಟಕ್ಕ ಹೋಗೂ ದಾರಿಯಾಗ ಒಂದ ಅಂಗಡಿ ಐತ್ರಿ. ಒಳಗ ಬಂದು ಹೋಗ್ರಿ” ಎಂದಳು.

ಬಂಗಲೆಯ ಹಿಂದೆ ಫರಸಿಕಲ್ಲು ಹಾಸಿದ ದೊಡ್ಡ ಅಂಗಳ. ಬೆಳಿಗ್ಗೆ ನಾವು ಹೋದೊಡನೆ ಅವಳು ಅಪ್ಪಣೆ ಪಡೆದು, ಸೆರಗು ಸಿಕ್ಕಿಸಿಕೊಂಡು ಅಲ್ಲಿ ಕೂತವಳು ಇಡೀ ಸೀರೆ ಅಂಗಡಿಯನ್ನೇ ರಂಗೋಲಿಯಲ್ಲಿ ಎಳೆದಿಟ್ಟಿದ್ದಳು. ಕುಂಥು, ನಾನು ಅದನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನೀನೂ ಹಿಡಿಯುತ್ತಿದ್ದೆ. ನಮ್ಮ ಪೇಟೆಯಲ್ಲಿ ಎರಡು ವರ್ಷದ ಹಿಂದೆ ದೀಪಾವಳಿಯಲ್ಲಿ ಸುಟ್ಟಿತಲ್ಲ, ಆ ಅಂಗಡಿ. ಮುಂದಿನ ಬಾಗಿಲು, ಎರಡೂ ಬದಿ ಕಪಾಟು, ನಡುವೆ ಗಿರಾಕಿಗಳು ಕೂರುವ ಬಿಳಿ ಗಾದಿ, ಹಿಂದೆ ಮಾಲಕನ ಗಾದಿ. ಒಂದು ಗೇಣೂ ಹೆಚ್ಚುಕಡಿಮೆ ಇರಲಿಲ್ಲ.

ಅವಳು ಎಲ್ಲರನ್ನೂ ಆ ಅಂಗಡಿಯೊಳಗೆ ಕರೆದಳು. ಶಾಸಕರು, ಸಾಹೇಬರು, ಪತ್ರಿಕೆಯವರು, ಡ್ರೈವರುಗಳು, ಬಾಗಿಲಲ್ಲಿದ್ದ ಪೊಲೀಸರನ್ನೂ ಬಿಡಲಿಲ್ಲ. “ದೀಪಾವಳಿ ಗರ್ದಿ ಅದ, ಸರಕೊಂಡ ಕುಂದರ್ರಿ” ಎಂದಾಗ ಎಲ್ಲರಿಗೂ ತಮಾಷೆ. ಒಬ್ಬ ಶಾಸಕರು “ಇಳಕಲ್ ತೋರಸ್ರಿ” ಎಂದರು. ನಾನೂ ಹೋಗಿ ಹಿಂದುಗಡೆ ನಿಂತೆ. ಆಗ ಅವಳು ಗೆರೆಯ ಹೊರಗೆ ನಿಂತು, ದನಿ ಏರಿಸದೆಯೇ ಹೇಳಿದಳು: “ಮುಂದಿನ ಕಪಾಟಿಗೆ ಬೆಂಕಿ ಬಿದ್ದದ. ಎಲ್ಲಾರೂ ಹೊರಗ ಬರ್ರಿ. ಗೆರಿ ತುಳೀಬ್ಯಾಡ್ರಿ.”

ಮೊದಮೊದಲು ನಗುತ್ತಲೇ ಎದ್ದರು. ಮುಂದಿನ ಬಾಗಿಲ ಗೆರೆಗಳ ನಡುವೆ ಇಬ್ಬರು ಒಟ್ಟಿಗೆ ಹೋಗಲು ಜಾಗವಿಲ್ಲ. ಒಬ್ಬರ ಮೊಣಕೈ ಇನ್ನೊಬ್ಬರ ಎದೆಗೆ ಬಿತ್ತು. ಅಧ್ಯಕ್ಷರು ಮುಗ್ಗರಿಸಿ ಒಬ್ಬ ಡ್ರೈವರನ ಭುಜ ಹಿಡಿದುಕೊಂಡರು. ನಿಧಾನವಾಗಿ ನಗು ನಿಂತಿತು. ಬಯಲಿನಲ್ಲಿ, ಮೇಲೆ ಬಿಸಿಲು, ಸುತ್ತಲೂ ಗಾಳಿ, ಆದರೂ ದೊಡ್ಡ ದೊಡ್ಡ ಜನ ಒಂದು ಹಿಡಿ ಪುಡಿಯೊಳಗೆ ಸಿಕ್ಕಿಬಿದ್ದಿದ್ದರು. ನಾನು ಜನ್ಮದಲ್ಲಿ ಅಂಥದ್ದು ಕಂಡಿಲ್ಲ.

ಆ ಎಂಜಿನಿಯರ್ ಸಾಹೇಬರು ಹಿಂದಕ್ಕೆ, ನನ್ನ ಹತ್ತಿರ ಬಂದರು. ಅಲ್ಲೊಂದು ಉದ್ದ ಗೆರೆ. ಅದನ್ನು ದಾಟಲು ಕಾಲೆತ್ತಿದರು. ಕಾಂಚನ ಹೇಳಿದಳು, “ಸಾಹೇಬರ, ಅದು ಕನ್ನಡಿ ಐತ್ರಿ.”

ಅವರು ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟರು.

“ಅದರ ಹಿಂದ ಬಾಗಲಾ ಇತ್ತು” ಎಂದು ಆಗ ಎಲ್ಲರಿಗೂ ಕೇಳುವಂತೆ ಹೇಳಿದಳು. ಮಾಲಕನ ಗಾದಿ ಪೂರ್ವಕ್ಕೆ ಮುಖ ಮಾಡಿರಬೇಕು ಎಂಬುದು ನಮ್ಮ ವ್ಯಾಪಾರಿಗಳ ಪದ್ಧತಿ. ಪೂರ್ವಕ್ಕೆ ಮುಖ ಮಾಡಿ ಕೂರಬೇಕೆಂದರೆ ಬೆನ್ನಿಗೆ ಬರುವುದು ಆ ಹಿತ್ತಿಲ ಬಾಗಿಲು. ಅಲಂಕಾರ ಮಾಡಿದವನು ಬಾಗಿಲಿಗೆ ಪ್ಲೈವುಡ್ ಬಡಿದು, ಮೇಲೆ ಕನ್ನಡಿ ಕೂರಿಸಿ, ಮುಂದೆ ಗಾದಿ ಹಾಸಿದ. ಅಂಗಡಿ ಎರಡರಷ್ಟು ದೊಡ್ಡದಾಗಿ ಕಂಡಿತು. ಲಕ್ಷ್ಮೀಪೂಜೆಯ ಗಾದಿಯನ್ನು ಪಾಡ್ಯದವರೆಗೆ ಅಲುಗಿಸಬಾರದೆಂದು ಹಗ್ಗದಿಂದ ಕಟ್ಟಿಯೂ ಇದ್ದರು. ಕಾಂಚನ ಆ ಅಂಗಡಿಗೆ ಮೊದಲೇ ಬೇರೆ ನಕ್ಷೆ ಮಾಡಿಕೊಟ್ಟಿದ್ದಳು. ಗಾದಿಯನ್ನು ಬದಿಗೆ ತಿರುಗಿಸಿ, ಬಾಗಿಲನ್ನು ಬಾಗಿಲಾಗಿಯೇ ಇಟ್ಟಿದ್ದಳು. ಬಾಗಿಲು ಮುಚ್ಚುತ್ತಿದ್ದಾರೆಂದು ತಿಳಿದಾಗ ಸಂಬಂಧಪಟ್ಟ ಕಚೇರಿಗೂ ಹೋಗಿದ್ದಳು. ಅಲ್ಲಿ ಅವಳಿಗೆ ಸಿಕ್ಕ ಉತ್ತರವನ್ನು ಅವತ್ತು ಹಾಗೇ ಹೇಳಿದಳು: “ನೀ ಯಾರವ್ವಾ? ನಿನ್ನ ಸಹಿಗೆ ಕಿಮ್ಮತ್ತೇನು?”

ಅಧ್ಯಕ್ಷರು ಇನ್ನೂ ಬಾಗಿಲ ಗೆರೆಯಲ್ಲೇ ನಿಂತಿದ್ದರು. “ಯಾರ್ಯಾರು ಹೊರಗ ಬರಲಿಲ್ಲವ್ವಾ?” ಎಂದು ಕೇಳಿದರು.

“ಮೂರು ಮಂದಿ ಹೆಂಗಸರ್ರಿ. ಕಬನೂರಿನ ಮಗ್ಗದ ಕೆಲಸದ ಹೌಸಾಬಾಯಿ. ಆಕಿ ತಂಗಿ ರಂಗುಬಾಯಿ.” ಅಲ್ಲಿಗೆ ನಿಲ್ಲಿಸಿ ನೀರು ಕೇಳಿ ಕುಡಿದಳು. ಮೂರನೆಯ ಹೆಸರನ್ನು ಯಾರೂ ಕೇಳಲಿಲ್ಲ.

“ಬಾಯಿ, ನಿಮಗ ಬೇಕಾಗಿರೂದಾದ್ರೂ ಏನು?” ಎಂದರು ಅಧ್ಯಕ್ಷರು.

ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. “ನಮ್ಮ ಹೆಸರು ಕಾಯ್ದೆದಾಗ ಬರೀರಿ. ಒಳಗಿನ ನಕ್ಷಾಕ್ಕ ನಾವು ಸಹಿ ಮಾಡತೀವಿ. ಬಾಗಲಾ ಮುಚ್ಚೋ ನಕ್ಷಾಕ್ಕ ಮಾಡೂದಿಲ್ಲ ಅಂತ ಹೇಳೂ ತಾಕತ್ತು ಕೊಡ್ರಿ. ಮಾಡಿ ತಪ್ಪಿದ್ರ ನನ್ನನ್ನ ಹಿಡದು ಒಳಗ ಹಾಕ್ರಿ. ಆ ಬೆಂಕಿ ಆದ ಮ್ಯಾಲ ಹಿಡೀಲಿಕ್ಕೆ ಯಾರೂ ಇರಲಿಲ್ಲರಿ. ಯಾರ ಸಹೀನೂ ಇರಲಿಲ್ಲ.”

ಕುಂಥು, ಸರಕಾರದ ಮುಂದೆ ನಿಂತು ಜನ ಪಗಾರ ಕೇಳುತ್ತಾರೆ, ಪರವಾನಗಿ ಕೇಳುತ್ತಾರೆ, ಸಬ್ಸಿಡಿ ಕೇಳುತ್ತಾರೆ. ತಪ್ಪು ಮಾಡಿದರೆ ನನಗೆ ಶಿಕ್ಷೆಯಾಗುವಂತೆ ಕಾಯ್ದೆ ಮಾಡಿ ಎಂದು ಕೇಳಿದವರನ್ನು ನಾನು ಇವಳೊಬ್ಬಳನ್ನೇ ನೋಡಿದ್ದು. ಇದು ನನ್ನ ಮಗಳೇ? ಚಿಕ್ಕಂದಿನಲ್ಲಿ ಜಿರಲೆ ಕಂಡರೆ ನನ್ನ ಹೆಗಲೇರುತ್ತಿದ್ದವಳೇ? ನನಗೆ ಅವಳ ಕಾಲು ಮುಟ್ಟಬೇಕು ಅನಿಸಿತು. ನಗಬೇಡ, ನಿಜವಾಗಿಯೂ ಅನಿಸಿತು.

ಅಧ್ಯಕ್ಷರು ಗಡಿಯಾರ ನೋಡುವುದನ್ನು ಬಿಟ್ಟು ಅವಳ ಕಡೆ ತಿರುಗಿದರು. “ಕಾಯ್ದೆ ಆಗೇ ಆಗತೈತಿ ಅಂತ ನಾ ವಚನ ಕೊಡೂದಿಲ್ಲ. ಆದ್ರ ನಮ್ಮ ಶಿಫಾರಸಿನಾಗ ಇದನ್ನ ಬರೀತೀವಿ. ನಾನೇ ಬರೀತೀನಿ” ಎಂದರು. ಹೋಗುವಾಗ ಎಂಜಿನಿಯರ್ ಸಾಹೇಬರು ಅವಳ ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ನನ್ನನ್ನು ಇವತ್ತಿಗೂ ಬಿಡದ ಮಾತು ಇನ್ನೊಂದಿದೆ. ಎಲ್ಲ ಮುಗಿಯಿತು, ಊಟಕ್ಕೆ ಹೋಗಿರಿ ಎಂದ ಮೇಲೂ ಒಬ್ಬರೂ ಗೆರೆ ತುಳಿಯಲಿಲ್ಲ. ಒಬ್ಬೊಬ್ಬರಾಗಿ ಆ ಕಿರಿದಾದ ಬಾಗಿಲಿನಿಂದಲೇ ಹೊರಬಂದರು. ಚಹಾದ ತಟ್ಟೆ ಹಿಡಿದು ಬಂದ ಸಿಪಾಯಿ, ಅವನಿಗೆ ಏನೂ ಗೊತ್ತಿಲ್ಲ, ಅವನೂ ಅಂಗಡಿಯನ್ನು ಪೂರಾ ಸುತ್ತುಹಾಕಿಯೇ ಹೋದ.

ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆಯಿಟ್ಟು ಊರು ಬರುವವರೆಗೂ ನಿದ್ದೆ ಹೊಡೆದಳು. ಉಗುರಿನೊಳಗೆಲ್ಲ ಬಿಳಿ ಪುಡಿ.

ಈಗ ನಿಲ್ಲಿಸುತ್ತೇನೆ. ವಹಿನಿಯವರಿಗೆ ನಮಸ್ಕಾರ, ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಎಲ್ಲರೂ ನಕ್ಕೊಂಡು, ಜಗಳಾಡಿಕೊಂಡು ನೂರು ಕಾಲ ಇರಿ. ಆ ಬಿದ್ರಿಯ ಗಂಡಿನ ಮನೆಯ ಕಿಟಕಿಯ ವಿಚಾರ ಮಾತ್ರ ಬರೆದು ತಿಳಿಸು.

ಎಂದೂ ನಿನ್ನವನೇ ಆದ
ಜಿನಪಾಲ

ತಾ.ಕ.: ಇದನ್ನು ಬರೆಯಬಾರದೆಂದೇ ಕಾಗದ ಮುಗಿಸಿದ್ದೆ. ಆದರೆ ನಿನಗೆ ಬರೆಯದೆ ಯಾರಿಗೆ ಬರೆಯಲಿ? ಮೂರನೆಯ ಹೆಸರನ್ನು ಅವಳು ಯಾಕೆ ಹೇಳಲಿಲ್ಲ ಎಂದು ಊರಿಗೆ ಬಂದ ಮೇಲೆ ಕೇಳಿದೆ. “ಅವ್ವನ ಹೆಸರು ಹೇಳಿದ್ರ ಅವರು ನನ್ನ ಮ್ಯಾಲ ಕನಿಕರ ಮಾಡತಿದ್ರು. ನನಗ ಕಾಯ್ದೆ ಬೇಕಾಗಿತ್ತು” ಎಂದಳು. ಅವತ್ತು ಮಾಣಿಕಬಾಯಿ ಆ ಅಂಗಡಿಗೆ ಹೋಗಿದ್ದು ಮಗಳಿಗೆ ಹಬ್ಬದ ಸೀರೆ ತರಲು. ಬೆಂಕಿ ಆರಿದ ಮೇಲೆ ಅವಳು ಸಿಕ್ಕಿದ್ದು ಆ ಕನ್ನಡಿಯ ಮುಂದೆ. ನಾನು ಕೊಲ್ಹಾಪುರದಲ್ಲಿ ನಿಂತಿದ್ದೂ ಅದೇ ಜಾಗದಲ್ಲಿ. ಎಲ್ಲರೂ ಊಟಕ್ಕೆ ಹೋದರು, ನನಗೆ ಮಾತ್ರ ಕಾಲು ಏಳಲಿಲ್ಲ. ಬರೀ ಪುಡಿ ಎಂದು ಗೊತ್ತಿದ್ದೂ ಏಳಲಿಲ್ಲ. ಸಿಪಾಯಿ ಕಸಬರಿಗೆ ತಂದ. ಕಾಂಚನ ಅವನನ್ನು ತಡೆದು, ನನ್ನ ಮುಂದೆ ಕೂತು, ಕನ್ನಡಿಯ ಗೆರೆಯನ್ನು ಅಂಗೈಯಿಂದ ಒಂದು ಬಾಗಿಲಿನಷ್ಟೇ ಅಗಲ ಒರೆಸಿದಳು. “ಅಪ್ಪಾ, ಬಾ” ಎಂದು ಕೈಹಿಡಿದು ಕರೆದುಕೊಂಡಳು. ಹೊರಗೆ ಬಂದೆ. ಬಂದವನು ನಿಂತು ಹಿಂದೆ ತಿರುಗಿ ನೋಡಿದೆ. ಮಾಣಿಕಬಾಯಿ ಯಾವಾಗಲೂ ನನಗಿಂತ ನಾಲ್ಕು ಹೆಜ್ಜೆ ಹಿಂದೆ ಬರುವವಳಲ್ಲವೇ, ಅದಕ್ಕೇ ನೋಡಿದೆ.